ಎಡಗಡೆಯ ಜಾಗ

ಕಾಜಾದಕ್ಕ ಎಂದರೆ ಸಾಕು, ಆ ಬೀದಿಯಲ್ಲಿ ಬೇರೆ ಗುರುತು ಬೇಕಾಗಿರಲಿಲ್ಲ. ಅಂಗಿಯಲ್ಲಿ ಗುಂಡಿ ತೂರುವ ಸೀಳು ಇರುತ್ತದಲ್ಲ, ಅದರ ಸುತ್ತ ದಾರ ಬಿಗಿದು ಗಟ್ಟಿ ಮಾಡುವುದೇ ಕಾಜಾ. ಮದುವೆಯಾಗಿ ಬಂದ ಹೊಸದರಲ್ಲಿ ಗಂಡ ಕಲಿಸಿಕೊಟ್ಟ ಆ ಕೆಲಸವನ್ನು ಅವಳು ತಲೆ ನರೆತರೂ ಬಿಟ್ಟಿರಲಿಲ್ಲ. ಕಾಜಾ ಹಾಕುವ ಮಿಷನ್ನು ಬಂತು, ಅಕ್ಕಪಕ್ಕದ ಅಂಗಡಿಯವರೆಲ್ಲ ತಂದರು. ಇವಳು ಮಾತ್ರ "ಮಿಷನ್ ಕಾಜಾ ಎರಡು ಸಲ ಒಗೆದರೆ ಬಾಯಿ ಬಿಡುತ್ತೆ" ಎಂದು ಮೂಗು ಮುರಿದು, ಸೂಜಿ ಹಿಡಿದೇ ಕೂತಳು. ಹಟಮಾರಿ ಹೆಂಗಸು. ಅವಳ ಹಟದಿಂದ ಒಳ್ಳೆಯದೂ ಆಗಿದೆ, ಆಗಬಾರದ್ದೂ ಆಗಿದೆ. ಇದು ಆಗಬಾರದ್ದರ ಕಥೆ.

ಅಂಗಡಿ ಅಂಥ ದೊಡ್ಡದೇನಲ್ಲ. ರಸ್ತೆಗೆ ಮುಖಮಾಡಿ ಬಟ್ಟೆ ಕತ್ತರಿಸುವ ಮೇಜು, ಅದರ ಹಿಂದೆ ಹೊಲಿಗೆ ಮಿಷನ್ನು, ಪರದೆ ಸರಿಸಿದರೆ ಸಂಸಾರ. ಮೇಜು ಗಂಡನದು; ಗಿರಾಕಿಗಳು ಅವನನ್ನು ಮಾಸ್ಟರ್ ಎನ್ನುತ್ತಿದ್ದರು. ಮಿಷನ್ನು ಅವಳ ತಮ್ಮನದು. ಮದುವೆ ಗಿದುವೆ ಅನ್ನದೆ ಅಕ್ಕನ ಮನೆಯಲ್ಲೇ ನಡುವಯಸ್ಸಿಗೆ ಬಂದವನು, ಮಾತು ಕಡಿಮೆ. ಗಂಡಹೆಂಡತಿಗೆ ಮಕ್ಕಳಾಗಲಿಲ್ಲ. ಆ ಕೊರಗನ್ನು ಅವಳು ಯಾವತ್ತೋ ನುಂಗಿಕೊಂಡು, ಗಂಡನನ್ನೇ ಮಗುವಿನ ಹಾಗೆ ನೋಡಿಕೊಂಡು, ಅವನನ್ನೇ ಬೈದು, ಅವನ ಮೇಲೇ ಜಂಬ ಕೊಚ್ಚಿಕೊಂಡು ಕಾಲ ಹಾಕಿದ್ದಳು.

ಜಂಬಕ್ಕೆ ಕಾರಣವೂ ಇತ್ತೆನ್ನಿ. ಮಾಸ್ಟರ್ ಒಮ್ಮೆ ಕತ್ತರಿ ಇಟ್ಟನೆಂದರೆ ಅಂಗಿಯ ಪಕ್ಕ ಮುಗಿಯುವವರೆಗೆ ಎತ್ತುವವನಲ್ಲ. ಬಟ್ಟೆಯನ್ನು ಉದ್ದಕ್ಕೆ ಎರಡಾಗಿ ಮಡಿಸಿ, ಮಡಿಕೆ ಎಡಗಡೆಗೂ ಬಿಡಿ ಅಂಚುಗಳು ಬಲಗಡೆಗೂ ಬರುವ ಹಾಗೆ ಹಾಸುತ್ತಿದ್ದ. ಮೇಲೆ ಇಸ್ತ್ರಿ ಪೆಟ್ಟಿಗೆ ಭಾರಕ್ಕೆ. ಮಡಿಕೆಯ ಕಡೆ ಕತ್ತರಿಗೆ ಕೆಲಸವೇ ಇಲ್ಲ; ಭುಜ, ಕಂಕುಳು, ಪಕ್ಕ ಎಲ್ಲ ಬಲಗಡೆಯೇ. ಅರ್ಧ ಕತ್ತರಿಸಿ ಬಿಚ್ಚಿದರೆ ಪೂರ್ತಿ ಅಂಗಿಯ ಬೆನ್ನು. ಇದೇನು ಅವನೊಬ್ಬನ ವಿದ್ಯೆಯಲ್ಲ, ದರ್ಜಿ ಎನ್ನಿಸಿಕೊಂಡವರೆಲ್ಲ ಮಾಡುವುದೇ. ದಿನಾ ಕಣ್ಣೆದುರಿಗಿರುವುದನ್ನು ಯಾರು ತಾನೇ ಅನುಮಾನದಿಂದ ನೋಡುತ್ತಾರೆ?

ಒಂದು ಬೆಳಗ್ಗೆ ಗಿರಾಕಿಯೊಬ್ಬನ ಎದೆಯ ಅಳತೆ ತೆಗೆದುಕೊಳ್ಳುತ್ತಿದ್ದಾಗ ಮಾಸ್ಟರನ ಎಡಗೈಯಿಂದ ಟೇಪು ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವನು ಅಲ್ಲೇ ಕುಸಿದು ಕೂತ. ಬಾಯಿಯ ಎಡಮೂಲೆ ಜೋತುಬಿದ್ದಿತ್ತು. ಅಕ್ಕ ತಮ್ಮ ಸೇರಿ ಅವನನ್ನು ಸಿಕ್ಕಿದ ಗಾಡಿಗೆ ಹತ್ತಿಸಿ ಆಸ್ಪತ್ರೆಗೆ ಒಯ್ದರು.

ಜೀವಕ್ಕೆ ಅಪಾಯವಾಗಲಿಲ್ಲ. ಮನೆಗೆ ಕಳಿಸುವ ಮುಂಚೆ ಡಾಕ್ಟರಮ್ಮ ಗಂಡಹೆಂಡತಿ ಇಬ್ಬರನ್ನೂ ತನ್ನ ಕೋಣೆಗೆ ಕರೆಸಿಕೊಂಡಳು. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಮೆದುಳೊಂದಿತ್ತು, ತುಂಡುತುಂಡಾಗಿ ಬಿಚ್ಚುವಂಥದ್ದು. ಅದನ್ನು ನೋಡಿದ್ದೇ ಮಾಸ್ಟರ್ ನಕ್ಕ.

"ಏನು ಡಾಕ್ಟರಮ್ಮ, ಇಷ್ಟೊಂದು ನೆರಿಗೆ?"

"ಬಿಡಿಸಿ ಹಾಸಿದರೆ ತುಂಬಾ ಅಗಲ ಆಗುತ್ತೆ. ಬುರುಡೆ ಚಿಕ್ಕದಲ್ವಾ, ಮಡಚಿಕೊಂಡು ಕೂತಿದೆ."

"ಅಳತೆ ತಗೊಳ್ಳದೆ ಬಟ್ಟೆ ತಂದರೆ ಹೀಗೇ ಆಗೋದು" ಎಂದ ಮಾಸ್ಟರ್. ಕಾಜಾದಕ್ಕ ಮೊಣಕೈಯಿಂದ ತಿವಿದಳು, ಆದರೆ ಅವಳಿಗೆ ಜೀವ ಬಂದ ಹಾಗಾಯಿತು. ತಮಾಷೆ ಮಾಡುತ್ತಿದ್ದಾನೆ ಅಂದರೆ ಗಂಡ ಪೂರ್ತಿ ವಾಪಸು ಬಂದಿದ್ದಾನೆ.

ಡಾಕ್ಟರಮ್ಮ ಒಂದೊಂದೇ ತುಂಡು ತೆಗೆದು ತೋರಿಸಿದಳು. "ಮೇಲಿನ ಈ ದೊಡ್ಡದು ಎರಡು ಹೋಳು. ಯೋಚನೆ, ಮಾತು, ಕಂಡದ್ದನ್ನ ತಿಳ್ಕೊಳ್ಳೋದು, ಕೈಕಾಲಿಗೆ ಅಪ್ಪಣೆ ಕೊಡೋದು ಎಲ್ಲ ಇಲ್ಲಿಂದ. ಹಿಂದೆ ಕೆಳಗಿರೋದು ಚಿಕ್ಕ ಮೆದುಳು, ನಡೆಯುವಾಗ ತೂರಾಡದ ಹಾಗೆ ನೋಡ್ಕೊಳ್ಳುತ್ತೆ. ಈ ಕಾಂಡ ಇದೆಯಲ್ಲ, ಉಸಿರಾಟ, ಎದೆಬಡಿತ ಇದರ ಪಾಲಿಗೆ. ಇದೇ ಕಾಂಡ ಕೆಳಗೆ ಇಳಿದು ಮಿದುಳುಬಳ್ಳಿ ಆಗುತ್ತೆ. ಕಿರುಬೆರಳಿನ ಗಾತ್ರ, ಅಷ್ಟೇ. ಬೆನ್ನುಮೂಳೆ ಒಳಗೆ ಸೊಂಟದ ಹತ್ತಿರದವರೆಗೂ ಹೋಗುತ್ತೆ. ಕೈಗೆ, ಕಾಲಿಗೆ ಹೋಗೋ ನರಗಳೆಲ್ಲ ಅದರಿಂದಲೇ ಕವಲೊಡೆಯೋದು."

"ಇವರಿಗೆ ಎಲ್ಲಿ ಏಟು ಬಿದ್ದಿದೆ, ಅದನ್ನ ಹೇಳಿಮ್ಮಾ" ಎಂದಳು ಕಾಜಾದಕ್ಕ.

"ಬಲಗಡೆ ಹೋಳಿನಲ್ಲಿ ಒಂದು ಕಡೆ ರಕ್ತ ಹರಿಯೋದು ನಿಂತುಹೋಗಿತ್ತು. ಬಲ ಹೋಳಿನಿಂದ ಹೊರಟ ಅಪ್ಪಣೆ ಕಾಂಡದ ಬುಡದಲ್ಲಿ ಆಚೆ ಬದಿಗೆ ದಾಟಿ ಎಡಗೈ, ಎಡಗಾಲಿಗೆ ಹೋಗೋದು. ಅದಕ್ಕೇ ಎಡಗೈ ಸೋತದ್ದು. ಕೈ ಸರಿಹೋಗುತ್ತೆ ಬಿಡಿ, ನನಗೆ ಚಿಂತೆ ಬೇರೆಯದು." ಹೀಗೆಂದು ಅವಳು ಮಾಸ್ಟರನ ಮುಂದೆ ಕಾಗದ ಪೆನ್ಸಿಲು ಇಟ್ಟಳು. "ಒಂದು ಅಂಗಿ ಬರೀರಿ ನೋಡೋಣ."

ಅವನಿಗೆ ಅದೇನು ದೊಡ್ಡ ಮಾತು. ಸರಸರನೆ ಬರೆದು, ಪೆನ್ಸಿಲು ಕೆಳಗಿಟ್ಟು, "ತಗೊಳ್ಳಿ" ಎಂದ. ಕಾಗದದ ಬಲಗಡೆ ಅರ್ಧ ಕಾಲರು, ಒಂದು ತೋಳು, ಒಂದು ಪಕ್ಕ. ಎಡಗಡೆ ಬಿಳಿ ಕಾಗದ.

"ಇನ್ನೊಂದು ತೋಳು?" ಎಂದಳು ಡಾಕ್ಟರಮ್ಮ.

"ಇದೆಯಲ್ಲ" ಎಂದ ಮಾಸ್ಟರ್, ಇದೇನು ಇಷ್ಟೂ ಗೊತ್ತಾಗಲ್ಲವೇ ಅನ್ನುವ ಹಾಗೆ.

ಅವನನ್ನು ಹೊರಗೆ ಕೂರಿಸಿ ಡಾಕ್ಟರಮ್ಮ ಹೆಂಡತಿಗೆ ಬಿಡಿಸಿ ಹೇಳಿದಳು. ಕಣ್ಣು ನೋಡುತ್ತಿದೆ, ಕಣ್ಣಿಗೇನೂ ಆಗಿಲ್ಲ. ಎಡಗಡೆ ಎನ್ನುವುದೊಂದು ಇದೆ ಎಂದು ಮೆದುಳು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ. ಕಾಣುತ್ತಿಲ್ಲ ಎಂಬುದೂ ಅವರಿಗೆ ಗೊತ್ತಾಗುವುದಿಲ್ಲ. ಕೆಲವರಿಗೆ ಬೇಗ ಹೋಗುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. "ಒಬ್ಬರನ್ನೇ ರಸ್ತೆಗೆ ಮಾತ್ರ ಬಿಡಬೇಡಿ. ಇದೊಂದು ಮಾತು ನಡೆಸಿಕೊಡಿ."

ಕಾಜಾದಕ್ಕ ತಲೆಯಾಡಿಸಿದಳು. ಗಂಡನಿಗೆ ಕೈ ಹೋಗಿದ್ದರೆ, ಕಾಲು ಹೋಗಿದ್ದರೆ ತಡೆದುಕೊಳ್ಳುತ್ತಿದ್ದಳೋ ಏನೋ. ಮನುಷ್ಯ ಎದುರಿಗೇ ನಿಂತು ನಗುತ್ತಿರುವಾಗ ಅವನ ಪಾಲಿನ ಅರ್ಧ ಲೋಕವೇ ಇಲ್ಲ ಅಂದರೆ ಹೇಗೆ ನಂಬುವುದು?

ಮನೆಗೆ ಬಂದಮೇಲೆ ನಂಬದೆ ವಿಧಿಯಿರಲಿಲ್ಲ. ತಟ್ಟೆಯ ಬಲಗಡೆಯದ್ದನ್ನಷ್ಟೇ ತಿಂದು, "ಏನೇ, ಇವತ್ತು ಇಷ್ಟೇನಾ?" ಎಂದು ಕೇಳುತ್ತಿದ್ದ. ಅವಳು ತಟ್ಟೆಯನ್ನು ಸುಮ್ಮನೆ ತಿರುಗಿಸುತ್ತಿದ್ದಳು. "ಹಾಂ, ಈಗ ಬಡಿಸಿದೆ ನೋಡು" ಎಂದು ಉಳಿದದ್ದನ್ನು ತಿನ್ನುತ್ತಿದ್ದ. ಗಡ್ಡ ಬೋಳಿಸಿಕೊಂಡರೆ ಬಲಗೆನ್ನೆ ಮಾತ್ರ ನುಣುಪು. ಎಡತೋಳು ತೂರಿಸದೆಯೇ ಅಂಗಿ ಹಾಕಿಕೊಂಡು ಹೊರಟುಬಿಡುತ್ತಿದ್ದ. ಅವಳು ಎಡಗಡೆಯಿಂದ ಬಂದು ನಿಂತರೆ ಅವನ ಪಾಲಿಗೆ ಅಲ್ಲಿ ಯಾರೂ ಇಲ್ಲ. ಒಂದು ಸಲ ಅವನ ಎಡಗಡೆಗೇ ಕೂತು ಕಾಜಾ ಹಾಕುತ್ತಿದ್ದಾಗ, ಅವನು ತಮ್ಮನಿಗೆ "ನಿಮ್ಮಕ್ಕ ಎಲ್ಲೋ?" ಎಂದು ಕೂಗಿದ. ಸೂಜಿ ಅವಳ ಬೆರಳಿಗೆ ಚುಚ್ಚಿತು. ಅಂದಿನಿಂದ ಅವಳು ತನ್ನ ಮಣೆಯನ್ನು ಬಲಗಡೆಗೆ ಹಾಕಿಕೊಂಡಳು. ಬೀದಿಯವರು ವಿಚಾರಿಸಿದರೆ, "ಆರಾಮಾಗಿದ್ದಾರೆ, ಏನೂ ಇಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಎಡಗೈಗೆ ಹಿಡಿತ ಬಂದಮೇಲೆ ಮಾಸ್ಟರ್ ಮೇಜಿನ ಹತ್ತಿರ ಹೋಗಿ ನಿಂತ. ಬೇಡವೆಂದರೆ ಕೇಳುವವನಲ್ಲ. ಅವಳೇ ಬಟ್ಟೆಯನ್ನು ಮಡಿಸಿ, ಮಡಿಕೆ ಎಡಗಡೆಗೆ ಮಾಡಿ ಹಾಸಿ, ಇಸ್ತ್ರಿ ಪೆಟ್ಟಿಗೆ ಇಟ್ಟುಕೊಟ್ಟು, ಪಕ್ಕದಲ್ಲಿ ನಿಂತಳು. ಸೀಮೆಸುಣ್ಣ ಓಡಿತು. ಕತ್ತರಿ ಇಟ್ಟ, ಎತ್ತಲಿಲ್ಲ. ಭುಜ, ಕಂಕುಳು, ಪಕ್ಕ, ಮೊದಲಿನ ಹಾಗೆಯೇ. ಅವಳು ಬಟ್ಟೆ ಎತ್ತಿ ಬಿಚ್ಚಿದಳು. ಎರಡೂ ಭುಜ ಸಮ, ಎರಡೂ ಕಂಕುಳು ಸಮ. ಎಡಗಡೆ ಎಳ್ಳಷ್ಟೂ ಊನವಿಲ್ಲ.

"ಲೋ, ನೋಡೋ ಇಲ್ಲಿ!" ಎಂದು ತಮ್ಮನಿಗೆ ಕೂಗಿ ಹೇಳಿದಳು. ಖುಷಿಗೆ ಅವಳಿಗೆ ಅಳುವೇ ಬಂತು.

ನಲವತ್ತು ವರ್ಷ ಅದೇ ಬಟ್ಟೆಯ ಜೊತೆ ಬದುಕಿದವಳು! ಬೇರೆ ಯಾರಾದರೂ ಆಗಿದ್ದರೆ ಗಂಡನ ತಟ್ಟೆ ನೋಡುತ್ತಿದ್ದರು, ಕೆನ್ನೆ ನೋಡುತ್ತಿದ್ದರು, ಡಾಕ್ಟರ ಮಾತಿಗೆ ತಲೆಬಾಗುತ್ತಿದ್ದರು. ದರ್ಜಿಯ ಹೆಂಡತಿ ಅಂಗಿ ನೋಡಿದಳು. ಅಂಗಿ ಪೂರ್ತಿ ಇದ್ದರೆ ಮನುಷ್ಯನೂ ಪೂರ್ತಿ ಎಂದುಕೊಂಡಳು. ಸಿಟ್ಟು ಬರುತ್ತದೆ, ಪಾಪವೂ ಅನ್ನಿಸುತ್ತದೆ.

ಮುಂದಿನ ಸಲ ತೋರಿಸಲು ಹೋದಾಗ ಆ ಬಟ್ಟೆಯನ್ನು ಅಂಗಿಯಾಗಿ ಹೊಲಿಸಿ, ಕಾಜಾ ಹಾಕಿ, ಚೀಲದಲ್ಲಿಟ್ಟುಕೊಂಡೇ ಹೋದಳು. ಡಾಕ್ಟರಮ್ಮ ಮತ್ತೆ ಚಿತ್ರ ಬರೆಸಿದಳು; ಮತ್ತೆ ಅರ್ಧವೇ. ಕಾಜಾದಕ್ಕ ಚೀಲದಿಂದ ಅಂಗಿ ತೆಗೆದು ಮೇಜಿನ ಮೇಲೆ ಹರಡಿದಳು. "ಚಿತ್ರ ಬರೆಯೋದು ಇವರ ಕಸುಬಲ್ಲ. ಕಸುಬು ಇದು. ಎಡಗಡೆ ಏನು ಕಮ್ಮಿ ಇದೆ, ಹೇಳಿ."

ಡಾಕ್ಟರಮ್ಮ ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಕೈಗೆ ಅಭ್ಯಾಸ ಇರುತ್ತಮ್ಮ, ಹಳೇ ಕೆಲಸ ಕೈ ತಾನಾಗೇ ಮಾಡಿರಬಹುದು. ಆದರೂ ರಸ್ತೆ ವಿಷಯದಲ್ಲಿ ನಾನು ಹೇಳಿದ್ದು ಹೇಳಿದ್ದೇ."

ವಾಪಸು ಬರುವಾಗ ಕಾಜಾದಕ್ಕ ದಾರಿಯುದ್ದಕ್ಕೂ ಗೊಣಗಿದಳು. ಗೆದ್ದವಳು ಗೊಣಗುವ ಹಾಗೆ ಗೊಣಗಿದಳು.

ಸ್ವಲ್ಪ ದಿನ ಅಂಗಡಿ ಮೊದಲಿನಂತೆಯೇ ನಡೆಯಿತು. ಆಮೇಲೆ ಒಬ್ಬ ಗಿರಾಕಿ ದೊಡ್ಡ ಚೌಕಳಿಯ ಬಟ್ಟೆ ತಂದುಕೊಟ್ಟ. ಚೌಕಳಿಯನ್ನು ಮಡಿಸಿ ಕತ್ತರಿಸುವ ಹಾಗಿಲ್ಲ, ಒಳಪದರ ಕೂದಲೆಳೆಯಷ್ಟು ಜರುಗಿದರೂ ಗೆರೆಗೆ ಗೆರೆ ಕೂಡುವುದಿಲ್ಲ. ಬಿಚ್ಚಿ ಹಾಸಿ, ಒಂದೊಂದು ಬದಿಯನ್ನೂ ಬೇರೆಬೇರೆ ಕತ್ತರಿಸಬೇಕು. ಮಾಸ್ಟರ್ ಹಾಗೇ ಹಾಸಿಕೊಂಡು ಕತ್ತರಿಸಿ, ಸುತ್ತಿ, ಮಿಷನ್ನಿನ ಮೇಲೆ ಹಾಕಿ ಹೋದ. ತಮ್ಮ ಅದನ್ನು ಬಿಡಿಸಿ ನೋಡಿದ. ಆಮೇಲೆ ಪರದೆಯಾಚೆ ಬಂದು ಅಕ್ಕನ ಮುಂದೆ ಹಿಡಿದ.

"ಅಕ್ಕಾ, ಭಾವ ಬಲಗಡೆ ಮಾತ್ರ ಕತ್ತರಿಸಿದ್ದಾರೆ. ಎಡಗಡೆ ಹಾಗೇ ಇದೆ. ಮುಗೀತು ಅಂತ ಕೊಟ್ಟಿದ್ದಾರೆ."

ಅವಳು ನೋಡಿದಳು. ಬಲಗಡೆ ಚೊಕ್ಕಟವಾಗಿ ಕತ್ತರಿಸಿದ ಭುಜ, ಕಂಕುಳು. ಎಡಗಡೆ ಬಟ್ಟೆ ಬಟ್ಟೆಯಾಗೇ ಇತ್ತು. ಆ ಗಳಿಗೆಯಲ್ಲಿ ಅವಳಿಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಆಮೇಲೆ ಎಷ್ಟು ಹೇಳಿಕೊಂಡರೂ, ಆಗ ಗೊತ್ತಾಗಿತ್ತು. ಗೊತ್ತಾದದ್ದಕ್ಕೇ ಅಷ್ಟು ಕೆಟ್ಟ ಮಾತು ಬಾಯಿಂದ ಬಂದದ್ದು.

"ಯಾವ ಗಿರಾಕಿಯೋ ಮಧ್ಯದಲ್ಲಿ ಕರೆದಿರಬೇಕು, ಅರ್ಧಕ್ಕೆ ಬಿಟ್ಟಿದ್ದಾರೆ. ಅಷ್ಟಕ್ಕೇ ಎತ್ಕೊಂಡು ಬಂದ್ಯಾ? ಮೇಜಿನ ಮೇಲೆ ನಿನಗೆ ಯಾವತ್ತಿನಿಂದಲೋ ಕಣ್ಣು. ಭಾವ ಮೂಲೆ ಸೇರಿದರೆ ಕತ್ತರಿ ನಿನ್ನ ಕೈಗೆ ಬರುತ್ತೆ ಅಂತ ಕಾಯ್ತಾ ಇದ್ದೀಯಾ?"

ತಮ್ಮನ ಮುಖ ಕಪ್ಪಿಟ್ಟಿತು. ಬಟ್ಟೆ ತೆಗೆದುಕೊಂಡು ಹೋಗಿ ಎಡಗಡೆಯ ಭಾಗವನ್ನು ತಾನೇ ಕತ್ತರಿಸಿ, ಚೌಕಳಿ ಕೂಡಿಸಿ ಹೊಲಿದಿಟ್ಟ. ಆ ವಿಷಯ ಇನ್ನೊಮ್ಮೆ ಎತ್ತಲಿಲ್ಲ.

ಗಂಡನಿಗೆ ಏನೂ ಆಗಿಲ್ಲ ಎಂದು ಸಾಧಿಸಿದ ಮೇಲೆ ಅದನ್ನು ನಿಜ ಮಾಡಬೇಕಲ್ಲ. ಮಾರನೇ ದಿನ ಗುಂಡಿ ಮುಗಿದಿತ್ತು. ಗುಂಡಿ ದಾರದ ಅಂಗಡಿ ರಸ್ತೆಯ ಆಚೆ ಬದಿಗೇ. ಯಾವಾಗಲೂ ಅವಳೋ ತಮ್ಮನೋ ಹೋಗುತ್ತಿದ್ದರು. ಅವತ್ತು ತಮ್ಮ ಎದ್ದು ಚಪ್ಪಲಿ ಹಾಕಿಕೊಂಡಾಗ, ಅವನಿಗೆ ಕೇಳಲಿ ಎಂದೇ ಅವಳು ಗಂಡನಿಗೆ ಹೇಳಿದಳು: "ರೀ, ಬಿಳಿ ಗುಂಡಿ ತಗೊಂಡು ಬನ್ನಿ. ನಿಮಗೇನಾಗಿದೆ, ಕೈಕಾಲು ಗಟ್ಟಿಯಾಗಿದ್ದಾವಲ್ಲ."

ಮಾಸ್ಟರ್ ಹುಡುಗನ ಹಾಗೆ ಹಿಗ್ಗಿಹೋದ. "ಕೊನೆಗೂ ಜೈಲಿನಿಂದ ಬಿಟ್ಟಳಪ್ಪ ಮಹಾರಾಣಿ" ಎಂದು ಭಾವಮೈದನಿಗೆ ಕಣ್ಣು ಹೊಡೆದು ಹೊರಟ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವನು ರಸ್ತೆಯಂಚಿನಲ್ಲಿ ನಿಂತು ಬಲಗಡೆಯಿಂದ ಬರುತ್ತಿದ್ದ ಗಾಡಿಗಳನ್ನೆಲ್ಲ ಹೋಗಲು ಬಿಟ್ಟು, ಜಾಣತನದಿಂದಲೇ ರಸ್ತೆಯ ನಡುವಿನವರೆಗೆ ಹೋದ. ನಡುವಿನಿಂದಾಚೆ ಗಾಡಿಗಳು ಬರುವುದು ಎಡಗಡೆಯಿಂದ. ಅಲ್ಲಿ ಅವನು ನಿಲ್ಲಲೇ ಇಲ್ಲ, ಖಾಲಿ ರಸ್ತೆಗೆ ಕಾಲಿಟ್ಟವನ ಹಾಗೆ ಆರಾಮಾಗಿ ಹೆಜ್ಜೆ ಹಾಕಿದ. ಹಾಲಿನ ವ್ಯಾನೊಂದು ಹಾರನ್ನು ಬಡಿದುಕೊಳ್ಳುತ್ತ ಬರುತ್ತಿತ್ತು.

"ರೀ! ಎಡಕ್ಕೆ! ಎಡಕ್ಕೆ ನೋಡ್ರೀ!" ಎಂದು ಅವಳು ಕಿರುಚಿದಳು.

ಅವನು ಅವಳ ದನಿ ಕೇಳಿ ಬಲಕ್ಕೆ ತಿರುಗಿದ.

ವ್ಯಾನಿನವನು ಬ್ರೇಕ್ ಹಾಕಿದ್ದರಿಂದ ಜೀವ ಉಳಿಯಿತು. ಜೀವ ಮಾತ್ರ ಉಳಿಯಿತು. ಅದೇ ಆಸ್ಪತ್ರೆ, ಅದೇ ಡಾಕ್ಟರಮ್ಮ. ಈ ಸಲ ಅವಳು ಪ್ಲಾಸ್ಟಿಕ್ಕಿನ ಮೆದುಳನ್ನು ಪಕ್ಕಕ್ಕೆ ಸರಿಸಿ, ತನ್ನ ಕತ್ತಿನ ಹಿಂಭಾಗವನ್ನೇ ಬೆರಳಿಂದ ಮುಟ್ಟಿ ತೋರಿಸಿದಳು. ಕತ್ತಿನ ಮೂಳೆ ಮುರಿದು ಮಿದುಳುಬಳ್ಳಿಯನ್ನು ಜಜ್ಜಿಬಿಟ್ಟಿತ್ತು. ಉಸಿರಾಟದ ನರ ಅದಕ್ಕಿಂತ ಮೇಲೇ ಕವಲೊಡೆಯುವುದರಿಂದ ಉಸಿರು ನಿಲ್ಲಲಿಲ್ಲ. ಭುಜ ಎತ್ತಬಲ್ಲ, ಮೊಣಕೈ ಸ್ವಲ್ಪ ಮಡಿಸಬಲ್ಲ. ಬೆರಳು ಇಲ್ಲ, ಸೊಂಟ ಇಲ್ಲ, ಕಾಲು ಇಲ್ಲ.

"ಮೆದುಳು ಅಪ್ಪಣೆ ಕೊಡ್ತಾನೇ ಇರುತ್ತಮ್ಮ. ಕೆಳಗೆ ತಲುಪಲ್ಲ. ಕಾಲಿಗೆ ಚುಚ್ಚಿದರೆ ಆ ಸುದ್ದಿ ಮೇಲಕ್ಕೂ ಹೋಗಲ್ಲ."

"ಮತ್ತೆ ಬೆಳೆಯುತ್ತಾ ಅದು? ಚರ್ಮ ಕೂಡಿಕೊಳ್ಳಲ್ವಾ, ಹಾಗೆ?"

"ಇಲ್ಲಮ್ಮ. ಮಿದುಳುಬಳ್ಳಿ ಹಾಗೆ ಕೂಡಿಕೊಳ್ಳಲ್ಲ."

ಅವರನ್ನು ರಸ್ತೆಗೆ ಯಾಕೆ ಬಿಟ್ಟಿರಿ ಎಂದು ಡಾಕ್ಟರಮ್ಮ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಯಾರಾದರೂ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಕಾಜಾದಕ್ಕನಿಗೆ ಅನ್ನಿಸಿತು. ತಮ್ಮನ ಮುಖ ನೋಡಿದಳು. ಅವನು "ನಾನು ಹೇಳಿರಲಿಲ್ವಾ" ಎನ್ನಲಿಲ್ಲ. ಅವತ್ತೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ.

ಮಾಸ್ಟರನನ್ನು ಮನೆಗೆ ತಂದು ಪರದೆಯ ಹಿಂದೆ ಮಂಚದ ಮೇಲೆ ಮಲಗಿಸಿದರು. ಬಲಗಡೆಗೆ ಅಂಗಡಿ ಕಾಣುವ ಹಾಗೆ ಮಂಚ ತಿರುಗಿಸಿ, ಪರದೆ ಕಿತ್ತುಹಾಕಿದರು. ಎಡಗಡೆಗೆ ಗೋಡೆ, ಮಂಚಕ್ಕೂ ಗೋಡೆಗೂ ನಡುವೆ ಒಬ್ಬರು ನಿಲ್ಲುವಷ್ಟು ಸಂದು. ಅವನಿಗೆ ತಮಾಷೆ ಮಾತ್ರ ಹೋಗಿರಲಿಲ್ಲ. "ಎಡಗಡೆ ಸರಿ ಇಲ್ಲ, ಎಡಗಡೆ ಸರಿ ಇಲ್ಲ ಅಂತ ಬಡ್ಕೋತಿದ್ರಲ್ಲ ಎಲ್ಲರೂ. ಈಗ ಎರಡೂ ಸಮ ಆಯ್ತು ನೋಡು" ಎಂದು ನಗುತ್ತಿದ್ದ. ಅವಳೂ ನಕ್ಕಹಾಗೆ ಮಾಡುತ್ತಿದ್ದಳು. ಮೈ ಹುಣ್ಣಾಗದ ಹಾಗೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುತ್ತಿದ್ದಳು, ಎರಡೂ ಕೆನ್ನೆ ಬೋಳಿಸುತ್ತಿದ್ದಳು, ತುತ್ತು ಮಾಡಿ ಬಲಗಡೆಯಿಂದ ಬಾಯಿಗಿಡುತ್ತಿದ್ದಳು.

ಹೊಟ್ಟೆಪಾಡು ಕೇಳಬೇಕಲ್ಲ. ಕತ್ತರಿ ಹಿಡಿಯಲು ತಮ್ಮ ಒಪ್ಪಲಿಲ್ಲ. "ಆ ಮೇಜಿಗೆ ನಾನು ಬರಲ್ಲ ಅಕ್ಕಾ" ಎಂದಷ್ಟೇ ಹೇಳಿ ಮಿಷನ್ನು ತುಳಿಯತೊಡಗಿದ. ಅವಳು ಆಡಿದ ಮಾತು ಅವನಲ್ಲಿ ಹಾಗೇ ಉಳಿದಿತ್ತು. ಕಡೆಗೆ ಒಂದು ಮಧ್ಯಾಹ್ನ ಕಾಜಾದಕ್ಕನೇ ಮೇಜಿನ ಮುಂದೆ ನಿಂತಳು. ಮಲಗಿದಲ್ಲಿಂದಲೇ ಮಾಸ್ಟರ್ ಹೇಳಿಕೊಡುತ್ತಿದ್ದ.

"ಎರಡಾಗಿ ಮಡಿಸು. ಮಡಿಕೆ ಎಡಕ್ಕೆ ಬರಲಿ. ಪೆಟ್ಟಿಗೆ ಇಡು. ಹಾಂ, ಈಗ ಬಲಗಡೆ ಅಂಚು ಹಿಡ್ಕೊಂಡು ಶುರುಮಾಡು."

ಅವಳು ಕತ್ತರಿಸಿದಳು. ಪಕ್ಕ, ಕಂಕುಳು, ಭುಜ. ಎಲ್ಲ ಮುಗಿದರೂ ಕತ್ತರಿ ಒಮ್ಮೆಯೂ ಎಡಗಡೆಗೆ ಹೋಗಲಿಲ್ಲ, ಅವಳ ಕಣ್ಣೂ ಹೋಗಲಿಲ್ಲ. ಬಟ್ಟೆ ಎತ್ತಿ ಬಿಚ್ಚಿದಳು. ಎರಡೂ ಭುಜ ಸಮ. ಅವತ್ತು ಅವಳು ಚೀಲದಲ್ಲಿಟ್ಟುಕೊಂಡು ಹೋಗಿ ಡಾಕ್ಟರಮ್ಮನ ಮುಂದೆ ಹರಡಿದ ಗೆಲುವು ಇದು. ಎಡಗಡೆಯೇ ಇಲ್ಲದವನು ಕೂಡ ಹೀಗೆ ಕತ್ತರಿಸಬಲ್ಲ. ಮೇಜು ಹಿಡಿದು ನಿಂತಳು.

"ಬಂತಾ?" ಎಂದು ಕೇಳಿದ ಗಂಡ.

"ಬಂತು."

"ನೋಡಿದ್ಯಾ, ಏನೂ ಕಷ್ಟ ಇಲ್ಲ." ಅವನೇ ಮತ್ತೆ ಹೇಳಿದ. "ಅವತ್ತು ನಾನು ಎರಡೂ ಕಡೆ ನೋಡಿದ್ದೆ ಕಣೇ. ನಿಜವಾಗ್ಲೂ ನೋಡಿದ್ದೆ. ಅದೆಲ್ಲಿತ್ತೋ ಆ ವ್ಯಾನು. ನಾನು ಎಚ್ಚರ ತಪ್ಪಿ ದಾಟಿದೆ ಅಂತ ನೀನು ಮನಸ್ಸಲ್ಲಿ ಇಟ್ಕೋಬೇಡ."

ಅವಳಿಗೆ ಇನ್ನು ತಡೆಯಲಾಗಲಿಲ್ಲ. ಹೊರಗೆ ಓಡಿದರೆ ಬೀದಿ, ಹಿಂದೆ ಹೋದರೆ ಬಚ್ಚಲಿನ ಗೋಡೆ ತೆಳು, ಅತ್ತದ್ದು ಅವನಿಗೆ ಕೇಳುತ್ತದೆ. ಕೆಳಗೆ ಬಿದ್ದಿದ್ದ ಬಟ್ಟೆಯ ಚೂರೊಂದನ್ನು ಎತ್ತಿ ಬಾಯಿಗೆ ತುರುಕಿಕೊಂಡು, ಮಂಚದ ಕಾಲಿನ ಕಡೆಯಿಂದ ಸುತ್ತಿ ಬಂದು, ಗೋಡೆಯ ಪಕ್ಕದ ಆ ಸಂದಿನಲ್ಲಿ ನಿಂತಳು. ಅವನ ಎಡಗಡೆಗೆ, ಕೈ ಚಾಚಿದರೆ ತಲೆ ಸವರಬಹುದಾದಷ್ಟು ಹತ್ತಿರ. ಆ ವ್ಯಾನಿನ ಹಾರನ್ನಿನ ಹಾಗೆ, ಆ ಬದಿಯ ಸದ್ದೂ ಅವನ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ನಿಂತು ಮೈಯೆಲ್ಲ ಅಲ್ಲಾಡುವ ಹಾಗೆ ಅತ್ತಳು. ಅವಳಿಗೆ ಅಳಲು ಈ ಲೋಕದಲ್ಲಿ ಉಳಿದದ್ದು ಅದೊಂದೇ ಜಾಗ.

ತಮ್ಮನ ಮಿಷನ್ನು ನಿಂತಿತು. ಅವನು ಇತ್ತ ನೋಡಿದ, ಅಕ್ಕನನ್ನು ಕಂಡ.

ಮಾಸ್ಟರ್ ಮೇಜಿನ ಕಡೆ ನೋಡಿ, ಬಾಗಿಲ ಕಡೆ ನೋಡಿ, ಕೇಳಿದ. "ನಿಮ್ಮಕ್ಕ ಎಲ್ಲಿ ಹೋದ್ಲೋ?"

"ಗುಂಡಿ ತರೋಕೆ ಹೋಗಿದ್ದಾಳೆ ಭಾವ."

"ಒಬ್ಬಳೇನಾ?" ಎಂದು ಅವನು ಗಾಬರಿಯಿಂದ ಭುಜ ಎತ್ತಿದ. "ಎರಡೂ ಕಡೆ ನೋಡ್ಕೊಂಡು ದಾಟು ಅಂತ ಹೇಳಿದ್ಯಾ ಇಲ್ವಾ?"